ಮಕ್ಕಳ ಮೊಬೈಲಾಟವೂ ಮನೆಯ ನೆಮ್ಮದಿಯೂ

ಮೊಳಕಾಲ್ಮೂರಿನ ನೇಕಾರರ ಮನೆಯೊಂದನ್ನು ವಾಚಕರು ಕಣ್ಣ ಮುಂದೆ ತಂದುಕೊಳ್ಳಲಿ. ನಡುಮನೆಯ ಬಹುಭಾಗವನ್ನು ಮಗ್ಗವೇ ಆಕ್ರಮಿಸಿಕೊಂಡಿದೆ. ತಂದೆಯು ಗುಂಡಿಯಲ್ಲಿ ಕಾಲಿಳಿಬಿಟ್ಟು ರೇಷ್ಮೆಯ ಸೀರೆಯನ್ನು ನೇಯುತ್ತಿರುವನು. ತಾಯಿಯು ಪಕ್ಕದಲ್ಲಿ ಕಂಡಿಕೆ ಸುತ್ತುತ್ತಿರುವಳು. ಹತ್ತನೆಯ ತರಗತಿಯ ಮಗನು ಮೂಲೆಯಲ್ಲಿ ಗೋಡೆಗೆ ಮುಖಮಾಡಿ ಮೊಬೈಲಿನಲ್ಲಿ ಮುಳುಗಿದ್ದಾನೆ. ಊಟಕ್ಕೆ ಕರೆದರೆ "ಇದೊಂದ್ ಆಟ ಮುಗೀಲವ್ವಾ" ಎನ್ನುವನು. ಆ ಒಂದು ಆಟ ಮುಗಿಯುವುದರೊಳಗೆ ಮುದ್ದೆ ತಣ್ಣಗಾಗಿರುತ್ತದೆ. ಚಳ್ಳಕೆರೆಯ ಎಣ್ಣೆಗಿರಣಿಯ ಕೆಲಸಗಾರನ ಮನೆಯಾದರೂ, ಅಂಗಡಿಯವರ ಮನೆಯಾದರೂ, ಚಿತ್ರವು ಬಹಳ ಬೇರೆಯಾಗದು.

ಮೊಬೈಲು ಈ ಮನೆಗಳಿಗೆ ಕಳ್ಳದಾರಿಯಿಂದ ಬಂದುದಲ್ಲ. 2020ರ ಮಾರ್ಚಿ ತಿಂಗಳಲ್ಲಿ ಕೊರೋನದ ದೆಸೆಯಿಂದ ಶಾಲೆಗಳು ಮುಚ್ಚಿದಾಗ ಪಾಠಕ್ಕಾಗಿಯೇ ನಾವು ಅದನ್ನು ಮಕ್ಕಳ ಕೈಗಿತ್ತೆವು. ಸಾಲಮಾಡಿ ಇತ್ತವರೂ ಉಂಟು. ಶಾಲೆ ತೆರೆಯಿತು, ಯಂತ್ರವು ಕೈಯಲ್ಲಿಯೇ ಉಳಿಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರವು ಪಬ್ಜಿ ಎಂಬ ಆಟವನ್ನು ನಿಷೇಧಿಸಿತು. 2021ರಲ್ಲಿ ಅದರ ಒಡಹುಟ್ಟಿದಂಥ ಆಟವು ಬೇರೆ ಹೆಸರಿನಿಂದ ಬಂದಿತು. ಹಣವನ್ನು ಪಣವಿಡುವ ಆಟಗಳನ್ನು ತಡೆಯಲು 2025ರ ಆಗಸ್ಟಿನಲ್ಲಿ ಸಂಸತ್ತು ಶಾಸನ ಮಾಡಿತು. ಒಳ್ಳೆಯದೇ. ಆದರೆ ಹಣವಿಲ್ಲದ ಆಟದಲ್ಲಿಯೂ ಹುಡುಗನು ತನ್ನ ನಿದ್ರೆಯನ್ನು ಪಣವಿಡಬಲ್ಲನು.

ಆಡುವ ಮಕ್ಕಳೆಲ್ಲರೂ ರೋಗಿಗಳೆಂದು ನಾವು ಹೇಳುವುದಿಲ್ಲ. ಚಿಣ್ಣಿದಾಂಡಿಗಾಗಿ, ಗೋಲಿಗಾಗಿ ಊಟ ಮರೆತವರು ಹಿಂದೆಯೂ ಇದ್ದರು. ಅವರಲ್ಲಿ ಈ ಲೇಖಕರೂ ಸೇರಿದ್ದಾರೆ. ಆದರೆ ಗೋಲಿಯಾಟವು ಕತ್ತಲಾದೊಡನೆ ನಿಲ್ಲುತ್ತಿತ್ತು. ಈ ಆಟಕ್ಕೆ ಕತ್ತಲೆಂಬುದೇ ಇಲ್ಲ. ದಿನವೂ ಬಂದವರಿಗೆ ಬಹುಮಾನ, ಯಾವಾಗ ದೊರೆಯುವುದೋ ತಿಳಿಯದ ಉಡುಗೊರೆ, ನಡುವೆ ಎದ್ದುಹೋದರೆ ಮುನಿಯುವ ಜೊತೆಗಾರರು: ಇವೆಲ್ಲವನ್ನೂ ಆಟ ಕಟ್ಟಿದವರು ಬೇಕೆಂದೇ ಇಟ್ಟಿರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ 11ನೆಯ ಆವೃತ್ತಿಯು 2022ರ ಜನವರಿ 1ರಿಂದ ಜಾರಿಗೆ ಬಂದಿದ್ದು, ಅದರಲ್ಲಿ ಆಟದ ವ್ಯಸನಕ್ಕೂ ಸ್ಥಾನವುಂಟು. ಅಲ್ಲಿ ಅಳತೆಗೋಲು ಗಂಟೆಗಳ ಲೆಕ್ಕವಲ್ಲ. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಅದೇ ಮುಖ್ಯವಾಗುವುದು, ಕೇಡಾಗುತ್ತಿದ್ದರೂ ಬಿಡದಿರುವುದು, ಇದರಿಂದ ಓದೂ ಸಂಸಾರವೂ ಕೆಡುವುದು, ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಹೀಗೆ ನಡೆದಿರುವುದು, ಇವು ಲಕ್ಷಣಗಳು. ರಜೆಯಲ್ಲಿ ನಾಲ್ಕು ದಿನ ಹೆಚ್ಚಾಗಿ ಆಡಿದ ಹುಡುಗನಿಗೆ ಈ ಹೆಸರನ್ನು ಅಂಟಿಸತಕ್ಕದ್ದಲ್ಲ.

ಇನ್ನು ನಾವು ಮುಖ್ಯವಾಗಿ ಹೇಳಬೇಕಾದ ಮಾತು. ಹುಡುಗನು ಆಡುತ್ತಾ ಆಡುತ್ತಾ ಖಿನ್ನನಾದನೋ, ಖಿನ್ನನಾಗಿದ್ದುದರಿಂದ ಆಟದಲ್ಲಿ ಅಡಗಿದನೋ? ಎರಡೂ ಉಂಟು; ಒಂದು ಇನ್ನೊಂದನ್ನು ಬೆಳೆಸುತ್ತದೆ. ಗಣಿತದಲ್ಲಿ ಅನುತ್ತೀರ್ಣನಾದವನು, ಗೆಳೆಯರ ಗೇಲಿಗೆ ಗುರಿಯಾದವನು, ಮಳೆ ಬಾರದ ವರ್ಷ ಶೇಂಗಾ ಒಣಗಿ ಮನೆಯಲ್ಲಿ ಜಗಳ ಹೆಚ್ಚಿದಾಗ ಕಿವಿ ಮುಚ್ಚಿಕೊಂಡವನು, ಇಂಥವರಿಗೆ ಆ ಪುಟ್ಟ ಪರದೆಯಲ್ಲಿ "ನೀನು ಗೆದ್ದೆ" ಎನ್ನುವವರು ದೊರೆಯುತ್ತಾರೆ. ಮನೆಯಲ್ಲಿ ಆ ಮಾತನ್ನು ಆಡಿ ಎಷ್ಟು ದಿನವಾಯಿತೆಂದು ನಾವು ನೆನಪುಮಾಡಿಕೊಳ್ಳುವುದುಂಟೇ? ಹೀಗಿರುವಾಗ ಮೊಬೈಲನ್ನು ಕಿತ್ತು ನೆಲಕ್ಕೆ ಅಪ್ಪಳಿಸಿದರೆ ನೋವು ಹೋಗದು. ಅಡಗುವ ಜಾಗ ಮಾತ್ರ ಹೋಗುತ್ತದೆ. ಅವನ ಅರಚಾಟ, ಮೌನ, ಊಟ ಬಿಡುವುದು ಇವೆಲ್ಲ ಬಹುಮಟ್ಟಿಗೆ ಅಲ್ಲಿಂದಲೇ ಹುಟ್ಟುವುವು.

ಒಂದು ಸಂಜೆ ಮಗನ ಪಕ್ಕದಲ್ಲಿ ಕುಳಿತು "ಏನಪ್ಪಾ ಇದು? ನನಗೂ ತೋರಿಸು" ಎಂದು ಕೇಳಿನೋಡಬೇಕು. ಮೊದಲು ಅನುಮಾನಪಡುವನು, ಆಮೇಲೆ ಹೇಳುವನು. ಆಟಕ್ಕೆ ಹೊತ್ತನ್ನು ಅವನ ಒಪ್ಪಿಗೆಯಿಂದಲೇ ಗೊತ್ತುಮಾಡಿ ಮೆಲ್ಲಮೆಲ್ಲಗೆ ಕಡಿಮೆಮಾಡುವುದು ಲೇಸು. ರಾತ್ರಿ ಮನೆಯ ಮೊಬೈಲುಗಳೆಲ್ಲವೂ ಮಲಗುವ ಕಡೆಯಿಂದ ದೂರ, ಒಂದೇ ಗೂಡಿನಲ್ಲಿರಲಿ. ಎಲ್ಲವೂ ಎಂದೆವು, ಯಜಮಾನರದೂ ಸೇರಿದಂತೆ. ಹಾಸಿಗೆಯಲ್ಲಿ ತಾವು ಪರದೆ ಉಜ್ಜುತ್ತಾ ಮಗನಿಗೆ ಬುದ್ಧಿ ಹೇಳುವ ತಂದೆಯ ಮಾತು ನಡೆಯದು.

ಇಷ್ಟಕ್ಕೂ ಬಗ್ಗದಿದ್ದರೆ ವೈದ್ಯರಲ್ಲಿಗೆ ಹೋಗಲು ನಾಚಬಾರದು. ಬೆಂಗಳೂರಿನ ನಿಮ್ಹಾನ್ಸಿನಲ್ಲಿ 2014ರಿಂದ ಇಂಥವರಿಗೆಂದೇ 'ಷಟ್' ಎಂಬ ಚಿಕಿತ್ಸಾಲಯವಿದೆ. ನಮ್ಮ ಸೀಮೆಗೆ ಅದು ದೂರವೇ ಸರಿ. ಮನಸ್ಸಿನ ರೋಗಕ್ಕೆ ಊರಿನ ಬಳಿಯಲ್ಲಿಯೇ ಚಿಕಿತ್ಸೆ ದೊರೆಯಬೇಕೆಂಬ ಪ್ರಯೋಗವನ್ನು ನಿಮ್ಹಾನ್ಸಿನವರು 1980ರ ದಶಕದಲ್ಲಿ ನಡೆಸಿದ್ದು ಮೊಳಕಾಲ್ಮೂರಿನ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿಯೇ. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಆದುದರಿಂದ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ದೂರವಾಣಿಯೂ ಇದೆ, ಸಂಖ್ಯೆ 14416. ಹಗಲಿರುಳೂ ಕನ್ನಡದಲ್ಲಿಯೇ ಮಾತನಾಡಬಹುದು, ಶುಲ್ಕವಿಲ್ಲ. ಮಗನ ಬಾಯಲ್ಲಿ ಸಾವಿನ ಮಾತು ಬಂದರೆ ಅವನನ್ನು ಒಂಟಿಯಾಗಿ ಬಿಡದೆ ಆ ಕ್ಷಣವೇ ಕರೆಯತಕ್ಕದ್ದು, ಆಸ್ಪತ್ರೆಗೂ ಕರೆದೊಯ್ಯತಕ್ಕದ್ದು. ಹುಡುಗನು ತಾನೇ ಕರೆಯಬೇಕೆಂದರೆ ಬೇಕಾದ ಯಂತ್ರವು ಹೇಗೂ ಅವನ ಕೈಯಲ್ಲಿಯೇ ಇರುತ್ತದೆ.