ಊರು ಹಾಳಾಯಿತು, ಕಾಲುವೆ ಹರಿಯಿತು

ಹಂಪೆಯನ್ನು ನೋಡಿಬಂದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಯೊಂದುಂಟು: ಅಷ್ಟು ದೊಡ್ಡ ರಾಜ್ಯ ಒಂದೇ ದಿನದ ಯುದ್ಧದಲ್ಲಿ ಮುಳುಗಿಹೋದುದು ಹೇಗೆ? ನೀವೂ ಕೇಳಿರಬಹುದು. ಆದರೆ ರಾಜ್ಯ ಅಂದು ಮುಳುಗಲಿಲ್ಲ. 1565ರ ಜನವರಿಯಲ್ಲಿ ಅಳಿಯ ರಾಮರಾಯನು ಮಡಿದ ಮೇಲೆ ಅವನ ತಮ್ಮ ತಿರುಮಲನು ಪೆನುಗೊಂಡೆಯಲ್ಲಿ ನೆಲೆಯೂರಿದನು. ಅವನ ವಂಶದವರು ಅಲ್ಲಿಂದಲೂ ಮುಂದೆ ಚಂದ್ರಗಿರಿ, ವೆಲ್ಲೂರುಗಳಿಂದಲೂ ಹದಿನೇಳನೆಯ ಶತಮಾನದ ನಡುಗಾಲದವರೆಗೆ ಆಳಿದರು. ಅಳಿದುದು ರಾಜಧಾನಿ.

ರಾಜಧಾನಿಯೇ ಏಕೆ? ಆ ಊರಿನ ಅನ್ನದ ದಾರಿಯನ್ನು ನೋಡಿ. ಅರಮನೆ, ದಂಡು, ಪೇಟೆ, ಕುಶಲಕರ್ಮಿಗಳು, ಎಲ್ಲರೂ ನಾಯಕರು ಕಳುಹಿಸುತ್ತಿದ್ದ ಕಪ್ಪಕಾಣಿಕೆಗಳನ್ನು ನೆಚ್ಚಿದ್ದರು. ದಂಡಿಗೆ ಬೇಕಾದ ಕುದುರೆಗಳಂತೂ ಅರಬಸ್ತಾನ, ಪಾರಸಿಗಳಿಂದ ಗೋವೆಯ ಮೂಲಕ ಬರಬೇಕು. ಬೊಕ್ಕಸದ ಮೇಲೆ ನಂಬಿಕೆಯಿರುವವರೆಗೆ ಈ ಚಕ್ರ ತಿರುಗೀತು.

1567ರಲ್ಲಿ ವೆನಿಸಿನ ವರ್ತಕ ಚೇಸರೆ ಫೆಡೆರೀಚಿ ಈ ಊರಿಗೆ ಬಂದು ಏಳು ತಿಂಗಳು ತಂಗಿದ್ದನು. ಊರು ಪೂರ್ತಿ ನೆಲಸಮವಾಗಿರಲಿಲ್ಲ, ಮನೆಗಳು ನಿಂತಿದ್ದವು, ಆದರೆ ಅವುಗಳಲ್ಲಿ ಹುಲಿ ಮುಂತಾದ ಮೃಗಗಳೇ ವಾಸವೆಂಬ ಸುದ್ದಿ ಎಂದು ಅವನು ಬರೆದಿದ್ದಾನೆ. ತಿರುಮಲನು ಊರನ್ನು ಮತ್ತೆ ತುಂಬಿಸಲು ಯತ್ನಿಸಿದನಂತೆ. ಯುದ್ಧದಲ್ಲಿ ಕಳೆದ ಕುದುರೆಗಳನ್ನು ತಂದರೆ ಬೆಲೆ ಕೊಡುವುದಾಗಿ ಸಾರಿದನು. ಆ ನಂಬಿಕೆಯ ಮೇಲೆ ವರ್ತಕರು ಕುದುರೆಗಳನ್ನು ತಂದಾಗ, ಅವನ್ನು ಇಟ್ಟುಕೊಂಡು ಕಾಸೂ ಕೊಡದೆ ಕಳುಹಿಸಿಬಿಟ್ಟನು! ಮತ್ತೆ ಯಾವ ವರ್ತಕ ಬಂದಾನು? ಗೆದ್ದವರು ಹಚ್ಚಿದ ಬೆಂಕಿಯಷ್ಟೇ ಈ ವ್ಯವಹಾರವೂ ಊರನ್ನು ಸುಟ್ಟಿತೆಂದು ನನ್ನ ಎಣಿಕೆ. ಕೊನೆಗೆ ಅವನೂ ಪೆನುಗೊಂಡೆಗೇ ಹೋದನು.

ಇತ್ತ ಹಂಪೆಯ ತುರ್ತು ಕಾಲುವೆ ತುಂಗಭದ್ರೆಯ ನೀರನ್ನು ಹೊತ್ತು ಹರಿಯುತ್ತಲೇ ಇತ್ತು. ಪಾಳುಗುಡಿಗಳ ನಡುವಣ ಗದ್ದೆಗಳಿಗೆ, ಬಾಳೆತೋಟಗಳಿಗೆ ಇಂದಿಗೂ ಉಣಿಸುತ್ತಿದೆ. ಅರಮನೆಗೆ ಇಲ್ಲದ ಈ ಆಯುಷ್ಯ ಕಾಲುವೆಗೆ ಹೇಗೆ ಬಂತು? ಕಾಲುವೆಯಿಂದ ಬದುಕುವವರು ಅದರ ದಡದಲ್ಲೇ ಇದ್ದರು. ನಾಡಿನ ಕೆರೆಗಳ ವಿಷಯದಲ್ಲಿ ಈ ಏರ್ಪಾಡು ಇನ್ನೂ ಸ್ಪಷ್ಟ. ಕೆರೆ ಕಟ್ಟಿಸಿದವರಿಗೆ, ಏರಿ ದುರಸ್ತಿ ಮಾಡಿಸುವವರಿಗೆ ಕಟ್ಟುಗೊಡಗೆ, ದಸವಂದ ಎಂಬ ಹೆಸರಿನಲ್ಲಿ ಜಮೀನು ಬಿಡುತ್ತಿದ್ದರು; ನೀರು ಹಂಚುವ ನೀರುಗಂಟಿಗೆ ಊರಿನವರೇ ಕಾಳು ಅಳೆಯುತ್ತಿದ್ದರು. ಖರ್ಚಿಗಾಗಿ ಇವರಾರೂ ರಾಜಧಾನಿಯ ಕಡೆ ಮುಖ ಮಾಡಬೇಕಾಗಿರಲಿಲ್ಲ. ಹಾಗೆಂದು ಎಲ್ಲ ಕೆರೆಗಳೂ ಉಳಿದವೆಂದಲ್ಲ. ಮುಂದಿನ ಕಾಲದಲ್ಲಿ ಆ ಜಮೀನುಗಳು ಎಲ್ಲಿ ಕೈತಪ್ಪಿದವೋ ಅಲ್ಲಿ ಹೂಳೆತ್ತುವವರಿಲ್ಲದೆ ಕೆರೆಯಂಗಳದಲ್ಲಿ ಜಾಲಿ ಬೆಳೆಯಿತು.