ಮತಗಟ್ಟೆಗೆ ಜೊತೆಗಾರ



ಚುನಾವಣೆಯ ದಿನ ಮನೆಮಂದಿಯೆಲ್ಲ ಮತಗಟ್ಟೆಗೆ ಹೊರಡುತ್ತಾರೆ. ಕಣ್ಣು ಕಾಣದ ಅಜ್ಜಿಯನ್ನೋ, ಕಾಲು ಬಾರದ ಅಣ್ಣನನ್ನೋ ಮನೆ ಕಾಯಲು ಬಿಡುತ್ತಾರೆ. 'ಅವರಿಗೇಕೆ ಸುಮ್ಮನೆ ತೊಂದರೆ' ಎಂಬ ಮಾತಿನಲ್ಲಿ ಪ್ರೀತಿಯೇ ಇರಬಹುದು. ಆದರೆ ಒಂದು ಮತ ಹೋಯಿತಲ್ಲ!

ಗಡಿಯ ಈಚೆಗಿರುವ ನಮಗೆ ಕಚೇರಿಯ ಕಾಗದ ಮಲಯಾಳದಲ್ಲೋ ತಮಿಳಿನಲ್ಲೋ ಮರಾಠಿಯಲ್ಲೋ ತೆಲುಗಿನಲ್ಲೋ ಬರುತ್ತದೆ. ಲೋಕಸಭೆ, ವಿಧಾನಸಭೆಗಳ ಚುನಾವಣೆಯ ನಿಯಮ ಮಾತ್ರ ಎಲ್ಲ ರಾಜ್ಯಗಳಿಗೂ ಒಂದೇ.

ಮತಯಂತ್ರದ ಗುಂಡಿಗಳ ಪಕ್ಕದಲ್ಲಿ ಬ್ರೈಲ್ ಅಂಕಿಗಳಿವೆ. ಬೆರಳಿಗೆ ತಾಗುವ ಆ ಚುಕ್ಕೆಗಳಿಗೆ ಭಾಷೆಯ ಗಡಿಯಿಲ್ಲ. ಬ್ರೈಲ್ ಬಾರದವರು, ಗುಂಡಿ ಒತ್ತಲಾಗದವರು ಒಬ್ಬ ಜೊತೆಗಾರರನ್ನು ಒಳಗೆ ಕರೆದೊಯ್ಯಬಹುದು. 1961ರ ಚುನಾವಣಾ ನಿಯಮಗಳಲ್ಲೇ ಇದಕ್ಕೆ ಅವಕಾಶವಿದೆ. ಜೊತೆಗಾರರಿಗೆ 18 ವರ್ಷ ತುಂಬಿರಬೇಕು. ಮತದ ಗುಟ್ಟು ಕಾಯುವುದಾಗಿ, ಆ ದಿನ ಬೇರಾರಿಗೂ ಜೊತೆಗಾರನಾಗಿಲ್ಲವೆಂದು ಅವರು ಬರೆದುಕೊಡಬೇಕು. ಊರಿನ ಮುಂದಾಳು ಹತ್ತು ಮಂದಿಯ ಕೈಹಿಡಿದು ತಾನೇ ಗುಂಡಿ ಒತ್ತಿ ಬರುವುದಕ್ಕೆ ಇಲ್ಲಿಯೇ ತಡೆ. ಯಾರನ್ನು ಕರೆದೊಯ್ಯಬೇಕೆಂಬುದು ಮತದಾರರ ಇಷ್ಟ. ಮಗನಾದರೂ ಅಮ್ಮ ಹೇಳಿದ ಗುರುತಿಗೇ ಒತ್ತಬೇಕು, ತನ್ನ ಪಕ್ಷಕ್ಕಲ್ಲ.

ಎಡಗೈಯ ತೋರುಬೆರಳು ಇಲ್ಲದಿದ್ದರೆ ಶಾಯಿ ಎಲ್ಲಿಗೆ? ಆ ಕೈಯ ಬೇರೆ ಬೆರಳಿಗೆ. ಎಡಗೈಯಲ್ಲಿ ಬೆರಳೇ ಇಲ್ಲದಿದ್ದರೆ ಬಲಗೈಯ ಬೆರಳಿಗೆ. ಎರಡರಲ್ಲೂ ಇಲ್ಲದಿದ್ದರೆ ಉಳಿದ ತೋಳಿನ ತುದಿಗೆ. ನಿಯಮ ಬರೆದವರು ಅಷ್ಟನ್ನೂ ಯೋಚಿಸಿದ್ದಾರೆ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 11ನೇ ಕಲಮಿನಂತೆ ಎಲ್ಲ ಮತಗಟ್ಟೆಗಳೂ ಅವರು ಸುಲಭವಾಗಿ ತಲಪುವಂತಿರಬೇಕು. ಗಾಲಿಕುರ್ಚಿ ಹತ್ತುವ ಇಳಿಜಾರು ನಿಮ್ಮ ಶಾಲೆಯಲ್ಲಿದೆಯೇ? ಮತದಾನಕ್ಕೆ ಮೊದಲೇ ನೋಡಿಬನ್ನಿ.

ಮನೆಯಿಂದ ಹೊರಡಲಾಗದವರಿಗೆ ಇನ್ನೊಂದು ದಾರಿ. 2024ರ ಲೋಕಸಭಾ ಚುನಾವಣೆಯಲ್ಲಿ ಮನೆಯಲ್ಲೇ ಮತ ಹಾಕುವ ಸೌಲಭ್ಯ ಮೊದಲ ಬಾರಿಗೆ ದೇಶದಾದ್ಯಂತ ದೊರೆಯಿತು. ಶೇಕಡಾ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯದ ಪ್ರಮಾಣಪತ್ರ ಬೇಕು. ಅಧಿಸೂಚನೆ ಹೊರಟ ಐದು ದಿನಗಳೊಳಗೆ 12ಡಿ ನಮೂನೆ ತುಂಬಿ ಕೊಡಬೇಕು. ಈ ಐದು ದಿನ ತಪ್ಪಿಸಿಕೊಂಡವರೇ ಹೆಚ್ಚು ಪೇಚಾಡುವುದು. ಅಂಚೆಮತ ಮಂಜೂರಾದ ಮೇಲೆ ಮತಗಟ್ಟೆಗೆ ಹೋಗಿ ಒತ್ತುವಂತಿಲ್ಲ, ನೆನಪಿರಲಿ.

ಬುದ್ಧಿ ಮಂದವೆಂದು ಊರವರು ಹೇಳಿದ ಮಾತ್ರಕ್ಕೆ ಯಾರ ಹೆಸರೂ ಪಟ್ಟಿಯಿಂದ ಹೋಗುವುದಿಲ್ಲ. ಅಸ್ವಸ್ಥಚಿತ್ತರೆಂದು ಅಧಿಕಾರವುಳ್ಳ ನ್ಯಾಯಾಲಯವೇ ಸಾರಿರಬೇಕು. ವೈದ್ಯರ ಚೀಟಿಯೂ ಸಾಲದು.

ಪಟ್ಟಿಯಲ್ಲಿ ಅಂಗವೈಕಲ್ಯ ದಾಖಲಿಸಲು 8ನೇ ನಮೂನೆಯಿದೆ. ನಿಮ್ಮ ಮತಗಟ್ಟೆಯ ಬಿ.ಎಲ್.ಓ. ಬಳಿ ಕೇಳಿ, ಇಲ್ಲವೇ 1950ಕ್ಕೆ ಫೋನು ಮಾಡಿ. ಪಂಚಾಯತಿ ಚುನಾವಣೆ ನಡೆಸುವುದು ಆಯಾ ರಾಜ್ಯದ ಆಯೋಗ. ಅಲ್ಲಿನ ನಿಯಮವನ್ನು ಬೇರೆಯಾಗಿಯೇ ವಿಚಾರಿಸಿಕೊಳ್ಳಿ.