ಕುಲುಮೆಯಲ್ಲೇ ನಿರ್ಧಾರವಾಗುವ ಆಯಸ್ಸು

ಮಾಲೂರು ಕಡೆಯ ಇಟ್ಟಿಗೆಗಳನ್ನು ಒಡೆದು ನೋಡಿ. ಹೊರಗೆ ಕೆಂಪಗಿದ್ದರೂ ಕೆಲವುಗಳ ನಡುವೆ ಕಪ್ಪು ತಿರುಳಿರುತ್ತದೆ. ಮಣ್ಣು ಅದೇ, ಗೂಡೂ ಅದೇ. ಗಾಳಿ ಒಳಗಿನ ತನಕ ಮುಟ್ಟಿಲ್ಲ, ಇಂಗಾಲ ಪೂರ್ತಿ ಉರಿದಿಲ್ಲ, ಅಷ್ಟೆ. ಶಾಖ ಎಷ್ಟು ಎನ್ನುವುದರ ಜೊತೆಗೆ ಎಷ್ಟು ಹೊತ್ತು, ಎಂಥ ಗಾಳಿಯಲ್ಲಿ ಎನ್ನುವುದೂ ಸುಡುವ ಕೆಲಸದಲ್ಲಿ ಮುಖ್ಯ.

ಬಂಗಾರಪೇಟೆಯಲ್ಲಿ ಕವಲೊಡೆದ ರೈಲು ತಲುಪುವ ಕೆಜಿಎಫ್‌ನ (ಕೋಲಾರ ಚಿನ್ನದ ಗಣಿ ಪ್ರದೇಶದ) ಗಣಿಗಳಲ್ಲಿ, 2001ರಲ್ಲಿ ಅವು ಮುಚ್ಚುವ ತನಕ, ಶಾಖ-ಗಾಳಿಯ ಈ ಹದ ನಿತ್ಯದ ವಿದ್ಯೆಯಾಗಿತ್ತು. ಅದಿರಿನ ಚಿನ್ನವನ್ನು ಹೀರಿಕೊಂಡ ಸೀಸದ ಗುಂಡನ್ನು ಮೂಳೆಬೂದಿಯ ಪುಟ್ಟ ಬಟ್ಟಲಲ್ಲಿಟ್ಟು ಕಾಯಿಸುತ್ತಿದ್ದರು. ಸೀಸ ಆಕ್ಸೈಡಾಗಿ ಬಟ್ಟಲಿನ ರಂಧ್ರಗಳಿಗೆ ಇಂಗುತ್ತದೆ, ಚಿನ್ನ-ಬೆಳ್ಳಿಯ ಮಣಿ ಮೇಲುಳಿಯುತ್ತದೆ. ರಂಧ್ರ ಹದವಾಗಿಲ್ಲದಿದ್ದರೆ ಅದಿರಿನಲ್ಲಿ ಚಿನ್ನ ಎಷ್ಟಿದೆ ಎಂಬ ಲೆಕ್ಕವೇ ತಪ್ಪುತ್ತದೆ.

ಇದೇ ಕೆಜಿಎಫ್‌ಗೆ 1902ರಲ್ಲಿ ಸುಮಾರು 147 ಕಿ.ಮೀ. ದೂರದ ಶಿವನಸಮುದ್ರದಿಂದ ತಂತಿಯಲ್ಲಿ ವಿದ್ಯುತ್ ಬಂತು. ಘನ ಆಕ್ಸೈಡ್ ಇಂಧನ ಕೋಶವಾದರೆ ಬೇಕಾದ ಜಾಗದಲ್ಲೇ, ಇಂಧನವನ್ನು ಬೆಂಕಿಯಲ್ಲಿ ಉರಿಸದೆ, ವಿದ್ಯುತ್ ಕೊಡುತ್ತದೆ. ಅದರ ಆನೋಡ್, ಅಂದರೆ ಇಂಧನ ತಗಲುವ ಬದಿಯ ವಿದ್ಯುದ್ವಾರ, ಪಿಂಗಾಣಿ ಮತ್ತು ಲೋಹದ ಹೆಣಿಗೆ. ಯಿಟ್ರಿಯಾ ಬೆರೆತ ಜಿರ್ಕೋನಿಯಾ ಎಂಬ ಪಿಂಗಾಣಿ ಆಕ್ಸಿಜನ್ ಅಯಾನುಗಳನ್ನು ಸಾಗಿಸಿದರೆ, ನಿಕ್ಕಲ್ ಎಲೆಕ್ಟ್ರಾನುಗಳನ್ನು ಒಯ್ಯುತ್ತದೆ, ರಂಧ್ರಗಳು ಹೈಡ್ರೋಜನ್‌ಗೆ ದಾರಿ ಬಿಡುತ್ತವೆ. ಈ ಮೂರೂ ಕೂಡುವ ಅಂಚುಗಳಲ್ಲೇ ಮುಖ್ಯ ಕ್ರಿಯೆ. ಅಂಚು ಹೆಚ್ಚಿದ್ದಷ್ಟೂ ಒಳ್ಳೆಯದು.

ಆ ಅಂಚುಗಳನ್ನು ಮಾಡುವುದೂ ಕೆಡಿಸುವುದೂ ಕುಲುಮೆ. ನಿಕ್ಕಲ್ ಆಕ್ಸೈಡ್ ಮತ್ತು ಜಿರ್ಕೋನಿಯಾ ಪುಡಿಗಳನ್ನು ಅಂಟಿನೊಡನೆ ಕಲಸಿ ಹಾಳೆ ಮಾಡುತ್ತಾರೆ. ಮೊದಲು ಅಂಟು ಸುಟ್ಟುಹೋಗಬೇಕು. ಆಗ ಆತುರಪಟ್ಟರೆ ಒಳಗೆ ಹುಟ್ಟಿದ ಅನಿಲ ಹಾಳೆಯನ್ನು ಸೀಳುತ್ತದೆ. ಆಮೇಲೆ ಗಾಳಿಯಲ್ಲೇ ಸುಮಾರು 1,300ರಿಂದ 1,400 ಡಿಗ್ರಿ ಸೆಲ್ಸಿಯಸ್. ಶಾಖ ಸಾಲದಿದ್ದರೆ ಕಣಗಳು ಬೆಸೆಯುವುದಿಲ್ಲ, ಎಲೆಕ್ಟ್ರಾನಿನ ಹಾದಿ ಅಲ್ಲಲ್ಲಿ ಕಡಿಯುತ್ತದೆ. ಅತಿಯಾದರೆ ಕಣಗಳು ಒಂದನ್ನೊಂದು ನುಂಗಿ ಉಬ್ಬುತ್ತವೆ, ರಂಧ್ರಗಳು ಮುಚ್ಚುತ್ತವೆ, ಅಂಚುಗಳು ಕರಗಿಹೋಗುತ್ತವೆ.

ನನಗೆ ಅತ್ಯಂತ ಸೊಗಸೆನಿಸುವುದು ಮುಂದಿನ ಹಂತ. ಸುಮಾರು 800 ಡಿಗ್ರಿಯಲ್ಲಿ ಹೈಡ್ರೋಜನ್ ಹಾಯಿಸಿದರೆ ಹಸಿರು ಹಾಳೆ ಬೂದುಬಣ್ಣಕ್ಕೆ ತಿರುಗುತ್ತದೆ. ಆಕ್ಸಿಜನ್ ಕಳೆದುಕೊಂಡ ನಿಕ್ಕಲ್ ಆಕ್ಸೈಡ್ ಲೋಹವಾಗಿ, ಗಾತ್ರದಲ್ಲಿ ಸುಮಾರು ಶೇಕಡಾ 40ರಷ್ಟು ಕುಗ್ಗುತ್ತದೆ. ತೆರವಾದ ಜಾಗವೇ ರಂಧ್ರ. ಜಿರ್ಕೋನಿಯಾದ ಹಂದರ ಮಾತ್ರ ಕದಲದೆ ನಿಂತಿರುತ್ತದೆ.

ಕೋಶ ಬಿಸಿಯಾಗಿರುವಾಗಲೇ ಇಂಧನ ನಿಂತು ಗಾಳಿ ನುಗ್ಗಿತೆನ್ನಿ. ನಿಕ್ಕಲ್ ಮತ್ತೆ ಆಕ್ಸೈಡಾಗಿ ಹಿಗ್ಗುತ್ತದೆ. ಮೊದಲ ಸುಡುವಿಕೆಯಲ್ಲಿ ಹಂದರ ಸರಿಯಾಗಿ ಬೆಸೆದಿರದಿದ್ದರೆ ಬಿರುಕು ಬಿಡುವುದು ಆಗಲೇ.